ಮರ ಹತ್ತಿಸುವ ಸಣ್ಣ ತಂಡಗಳಿಗೆ ಡಬ್ಲ್ಯೂಸಿ ಪಾಲಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಚಿಕ್ಕ ತಂಡ. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮಾಡುತ್ತೇವೆ. ಪೇಟೆಯಲ್ಲಿ ಮನೆ ಮೇಲೆ ಬಾಗಿದ ಮರ ಇಳಿಸುತ್ತೇವೆ. ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ ಕೊಯ್ಯುತ್ತೇವೆ. ಹತ್ತುವವರು ಇಬ್ಬರು, ಕೆಳಗೆ ಹಗ್ಗ ಹಿಡಿಯುವವರು ಮೂವರು. ಇದೇ ಕೆಲಸ ಮಾಡುವ ಬೇರೆ ತಂಡದವರು ಫೋನ್ ಮಾಡಿ ಇನ್ಶೂರೆನ್ಸ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದು ಇಟ್ಟಿದ್ದೇನೆ. ನಾನು ವಕೀಲ ಅಲ್ಲ, ಏಜೆಂಟೂ ಅಲ್ಲ. ಒಂದು ಸಲ ಕೈ ಸುಟ್ಟುಕೊಂಡವನು, ಅಷ್ಟೆ.

ಡಬ್ಲ್ಯೂಸಿ ಪಾಲಿಸಿ ಅಂದರೆ ಏನು?

ಕೆಲಸ ಮಾಡುವಾಗ ಆಳಿಗೆ ಏಟು ಬಿದ್ದರೆ ಅಥವಾ ಜೀವ ಹೋದರೆ ಕಾನೂನಿನ ಪ್ರಕಾರ ಮಾಲೀಕ ಪರಿಹಾರ ಕೊಡಬೇಕು. ತಪ್ಪು ಯಾರದ್ದು ಅನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ಕೆಲಸದಲ್ಲಿ, ಕೆಲಸದ ಕಾರಣಕ್ಕೆ ಆಯಿತಾ, ಅಷ್ಟೇ ನೋಡುತ್ತಾರೆ. ಆ ಹೊಣೆಯನ್ನು ನಿಮ್ಮ ಬದಲು ಇನ್ಶೂರೆನ್ಸ್ ಕಂಪನಿ ಹೊರಲಿ ಅಂತ ಮಾಡಿಸುವುದೇ ಈ ಪಾಲಿಸಿ.

ಇದರ ಮೂಲ 1923ರ ಕಾಯ್ದೆ. ಆಗ ವರ್ಕ್‌ಮೆನ್ಸ್ ಕಾಂಪನ್ಸೇಷನ್ ಕಾಯ್ದೆ ಅನ್ನುತ್ತಿದ್ದರು. 2010ರಲ್ಲಿ ಎಂಪ್ಲಾಯೀಸ್ ಕಾಂಪನ್ಸೇಷನ್ ಅಂತ ಹೆಸರು ಬದಲಾಯಿತು. ಆದರೂ ಏಜೆಂಟರ ಬಾಯಲ್ಲಿ ಇವತ್ತಿಗೂ ಡಬ್ಲ್ಯೂಸಿಯೇ. 2025ರ ನವೆಂಬರ್ 21ರಿಂದ ಈ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಲೆಕ್ಕದ ಸೂತ್ರ ಮೊದಲಿನದೇ. ಒಂದು ಮುಖ್ಯ ಬದಲಾವಣೆ ಏನೆಂದರೆ, ಮನೆಯಿಂದ ಕೆಲಸಕ್ಕೆ ಬಂದು ಹೋಗುವಾಗ ಆಗುವ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪಾಲಿಸಿ ಮಾಡಿಸುವಾಗ ಅದರಲ್ಲಿ ಬರೀ ಹಳೇ ಕಾಯ್ದೆಯ ಹೆಸರಿದೆಯಾ, ಹೊಸ ಸಂಹಿತೆಯ ಹೊಣೆಯೂ ಸೇರಿದೆಯಾ ಅಂತ ಕೇಳಿ. ಬಾಯಿಮಾತಲ್ಲಿ ಹೇಳಿದರೆ ಸಾಲದು, ಬರವಣಿಗೆಯಲ್ಲಿ ತಗೊಳ್ಳಿ.

ನನ್ನ ಹತ್ತಿರ ಇರುವುದು ನಾಲ್ಕೇ ಜನ, ಅದೂ ದಿನಗೂಲಿ. ನನಗೂ ಇದು ಬರುತ್ತದಾ?

ಬರುತ್ತದೆ. ಇಷ್ಟು ಜನ ಇದ್ದರೆ ಮಾತ್ರ ಅನ್ನುವ ಮಿತಿ ಮರ ಕಡಿಯುವ ಕೆಲಸಕ್ಕೆ ಇಲ್ಲ. ಹಳೇ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಮರ ಕಡಿಯುವವರು, ದಿಮ್ಮಿ ಮಾಡುವವರು, ತಾಳೆ ಜಾತಿಯ ಮರಗಳಿಂದ ರಸ ಇಳಿಸುವವರು ಎಲ್ಲರೂ ಹೆಸರು ಸಮೇತ ಇದ್ದರು. “ಅವನು ಕಾಯಂ ಅಲ್ಲ ಸಾರ್, ನಿನ್ನೆ ತಾನೇ ಬಂದವನು” ಅನ್ನುವ ಮಾತೂ ನಡೆಯುವುದಿಲ್ಲ. ಆ ಸಡಿಲಿಕೆಯನ್ನು 2000ದಲ್ಲೇ ತೆಗೆದುಹಾಕಿದ್ದಾರೆ.

ಪಾಲಿಸಿ ಮಾಡಿಸಲೇಬೇಕು ಅಂತ 1923ರ ಕಾಯ್ದೆ ಹೇಳಿರಲಿಲ್ಲ, ನಿಜ. ಆದರೆ ಪರಿಹಾರದ ಹೊಣೆಯನ್ನು ಮಾತ್ರ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. “ಏನಾದರೂ ಆದರೆ ನಾನೇ ಜವಾಬ್ದಾರಿ” ಅಂತ ಆಳಿನ ಹತ್ತಿರ ಸಹಿ ಹಾಕಿಸಿಕೊಂಡ ಛಾಪಾ ಕಾಗದಕ್ಕೆ ಬೆಲೆಯೇ ಇಲ್ಲ. ಕೆಲವರು ಅದನ್ನು ಲ್ಯಾಮಿನೇಷನ್ ಬೇರೆ ಮಾಡಿಸಿ ಇಟ್ಟುಕೊಂಡಿರುತ್ತಾರೆ.

ಪಾಲಿಸಿ ಇಲ್ಲದಿದ್ದರೆ ನನ್ನ ಜೇಬಿಂದ ಎಷ್ಟು ಹೋಗಬಹುದು?

ಮೊದಲು ಇದನ್ನು ತಿಳಿದುಕೊಂಡರೆ ಪ್ರೀಮಿಯಂ ಜಾಸ್ತಿಯೋ ಕಮ್ಮಿಯೋ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಮೇಲೆ ನಿಗದಿಯಾದ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಪೂರ್ತಿಯಾಗಿ, ಕಾಯಮ್ಮಾಗಿ ಕೆಲಸಕ್ಕೆ ಆಗದಂತಾದರೆ ಅರ್ಧದ ಬದಲು ಶೇಕಡಾ 60. ತಿಂಗಳ ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ಮಿತಿ 15,000 ರೂಪಾಯಿ. 2020ರ ಜನವರಿಯಲ್ಲಿ ಇದನ್ನು 8,000ದಿಂದ ಏರಿಸಿದರು. ವಯಸ್ಸಿನ ಸಂಖ್ಯೆ 30 ವರ್ಷಕ್ಕೆ 207.98, 40ಕ್ಕೆ 184.17, 50ಕ್ಕೆ 153.09.

ಈಗ ನಮ್ಮ ತಂಡದ 30ರ ಹುಡುಗನನ್ನೇ ತಗೊಳ್ಳಿ. 15,000ದ ಅರ್ಧ 7,500. ಅದನ್ನು 207.98ರಿಂದ ಗುಣಿಸಿದರೆ 15,59,850 ರೂಪಾಯಿ. ಸಾಯದೆ, ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದರೆ 18,71,820. ಬದುಕಿ ಉಳಿದರೆ ಮೊತ್ತ ಜಾಸ್ತಿ. ಇದು ನನಗೆ ಮೊದಲ ಸಲ ಗೊತ್ತಾದಾಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಚೈನ್ ಸಾಗೆ ಸಿಕ್ಕಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30 ನಷ್ಟ ಅಂತ ಪಟ್ಟಿಯಲ್ಲೇ ಇದೆ. ಅಂದರೆ ಅದೇ ಹುಡುಗನಿಗೆ 5,61,546 ರೂಪಾಯಿ.

ಕೈ ಮುರಿದು ಎರಡು ತಿಂಗಳು ಮನೆಯಲ್ಲಿ ಕೂತರೆ ಲೆಕ್ಕ ಬೇರೆ. ತಿಂಗಳ ಕೂಲಿಯ ನಾಲ್ಕನೇ ಒಂದು ಭಾಗವನ್ನು ಹದಿನೈದು ದಿನಕ್ಕೊಮ್ಮೆ ಕೊಡಬೇಕು. 15,000ಕ್ಕೆ ಅದು 3,750. ಇದು ಗರಿಷ್ಠ 5 ವರ್ಷದವರೆಗೂ ಹೋಗಬಹುದು.

ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12 ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಮೊತ್ತದ ಅರ್ಧದವರೆಗೂ ದಂಡ. ದಂಡವನ್ನು ಇನ್ಶೂರೆನ್ಸ್ ಕಂಪನಿ ಕಟ್ಟುವುದಿಲ್ಲ, ಅದು ಮಾಲೀಕನ ತಲೆಗೇ. ಬಡ್ಡಿಯನ್ನೂ ಹೊರಗಿಡುವ ಪಾಲಿಸಿಗಳಿವೆ, ಓದಿ ನೋಡಿ.

ಸರಿ, ಪ್ರೀಮಿಯಂ ಹೇಗೆ ಲೆಕ್ಕ ಹಾಕುತ್ತಾರೆ?

ಎರಡೇ ವಿಷಯ. ವರ್ಷಕ್ಕೆ ನೀವು ಕೊಡುವ ಒಟ್ಟು ಕೂಲಿ ಎಷ್ಟು? ಕೆಲಸ ಎಂಥದ್ದು? ಕೆಲಸಕ್ಕೆ ತಕ್ಕ ಹಾಗೆ ಸಾವಿರ ರೂಪಾಯಿ ಕೂಲಿಗೆ ಇಷ್ಟು ಅಂತ ದರ ಹಾಕುತ್ತಾರೆ. ಮೇಲೆ ಶೇಕಡಾ 18 ಜಿಎಸ್‌ಟಿ.

ಒಂದು ಲೆಕ್ಕ ಮಾಡೋಣ. ಹತ್ತುವವರು ಇಬ್ಬರು, ದಿನಕ್ಕೆ 1,200. ಕೆಳಗಿನವರು ಮೂವರು, ದಿನಕ್ಕೆ 800. ವರ್ಷಕ್ಕೆ 240 ದಿನ ಕೆಲಸ. ಹತ್ತುವವರ ಕೂಲಿ 5,76,000. ಕೆಳಗಿನವರದ್ದೂ ಅಷ್ಟೇ, 5,76,000. ಒಟ್ಟು 11,52,000 ರೂಪಾಯಿ. ದರ ಸಾವಿರಕ್ಕೆ 20 ಅಂತ ಇಟ್ಟುಕೊಳ್ಳಿ. ಇದು ಬರೀ ಉದಾಹರಣೆಗೆ, ನಿಮಗೆ ಬರುವ ದರ ಬೇರೆ ಇರುತ್ತದೆ. ಪ್ರೀಮಿಯಂ 23,040 ಆಯಿತು. ಜಿಎಸ್‌ಟಿ ಸೇರಿ ಸುಮಾರು 27,187. ಕೆಲಸ ಮಾಡುವ 240 ದಿನಕ್ಕೆ ಹಂಚಿದರೆ ದಿನಕ್ಕೆ 113 ರೂಪಾಯಿ. ಇಡೀ ತಂಡಕ್ಕೆ, ಒಬ್ಬರಿಗಲ್ಲ. ದಿನಾ ಬೆಳಿಗ್ಗೆ ಐದು ಜನರ ಚಾ-ತಿಂಡಿಗೆ ನಾನು ಕೊಡುವುದು ಇದಕ್ಕಿಂತ ಜಾಸ್ತಿ.

ಎಲ್ಲರಿಗೂ ಒಂದೇ ದರ ಹಾಕಿದರೆ ಕೇಳಿ. ಮರ ಹತ್ತುವವನಿಗೂ, ಕೊಂಬೆ ಎಳೆದು ಗಾಡಿಗೆ ತುಂಬುವವನಿಗೂ ಇರುವ ಅಪಾಯ ಒಂದೇ ಅಲ್ಲ. ಹಾಜರಿ ಪುಸ್ತಕದಲ್ಲಿ ಇಬ್ಬರನ್ನೂ ಬೇರೆ ಬೇರೆ ತೋರಿಸಿದ್ದರೆ ದರ ಬೇರೆ ಮಾಡಿಕೊಡಿ ಅಂತ ಕೇಳಬಹುದು. ಆದರೆ ಕೆಳಗಿನವನು ಒಂದು ದಿನವೂ ಮೇಲೆ ಹತ್ತಬಾರದು. ನಮ್ಮಲ್ಲಿ ಅದೇ ಕಷ್ಟ. ಹತ್ತುವವನು ರಜೆ ಹಾಕಿದ ದಿನ “ನಾನೇ ಹತ್ತುತ್ತೀನಿ ಅಣ್ಣ” ಅಂತ ಒಬ್ಬ ಎದ್ದೇ ಏಳುತ್ತಾನೆ.

ನಮ್ಮ ಕೆಲಸಕ್ಕೆ ದರ ಯಾಕೆ ಇಷ್ಟು ಜಾಸ್ತಿ?

ಎತ್ತರ, ಚೈನ್ ಸಾ, ಕರೆಂಟ್ ಲೈನು, ಮೇಲಿಂದ ಬೀಳುವ ಭಾರ. ಬೇರೆ ಕೆಲಸದಲ್ಲಿ ಇವುಗಳಲ್ಲಿ ಒಂದಿರುತ್ತದೆ, ನಮ್ಮಲ್ಲಿ ನಾಲ್ಕೂ ಒಟ್ಟಿಗೆ. ಜೊತೆಗೆ ಹೆಜ್ಜೇನು. ಕೆಲವು ಕಂಪನಿಯವರು ನಮ್ಮ ಕೆಲಸದ ಹೆಸರು ಕೇಳಿದ ಕೂಡಲೇ ಬೇಡ ಅಂದುಬಿಡುತ್ತಾರೆ. ಸರ್ಕಾರಿ ಕಂಪನಿಗಳು ನಾಲ್ಕಿವೆ: ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯೆಂಟಲ್. ಖಾಸಗಿಯವು ಬೇರೆ. ಎರಡು ಮೂರು ಕಡೆ ಕೋಟೇಶನ್ ತಗೊಳ್ಳಿ. ಒಂದೇ ತಂಡಕ್ಕೆ ಬರುವ ದರಗಳಲ್ಲಿ ವ್ಯತ್ಯಾಸ ನೋಡಿ ನಿಮಗೇ ಆಶ್ಚರ್ಯವಾಗುತ್ತದೆ.

“ಗಾರ್ಡನ್ ಮೇಂಟೆನೆನ್ಸ್” ಅಂತ ಬರೆಸಿದರೆ ಪ್ರೀಮಿಯಂ ಕಮ್ಮಿ ಆಗುತ್ತದಂತೆ, ಹೌದಾ?

ಹೌದು, ಕಮ್ಮಿ ಆಗುತ್ತದೆ. ಏಜೆಂಟೇ ಈ ಐಡಿಯಾ ಕೊಡುವುದೂ ಉಂಟು. ಬೇಡ.

ಪ್ರಪೋಸಲ್ ಫಾರಂನಲ್ಲಿ ಕೆಲಸದ ವಿವರ ಬರೆಯಲು ಒಂದೇ ಒಂದು ಗೆರೆ ಇರುತ್ತದೆ. ಇಡೀ ಪಾಲಿಸಿ ನಿಂತಿರುವುದು ಆ ಗೆರೆಯ ಮೇಲೆ. ನಾಳೆ ಆಳು ನಲವತ್ತು ಅಡಿ ಸಿಲ್ವರ್ ಓಕ್‌ನಿಂದ ಬಿದ್ದ ಅಂತಿಟ್ಟುಕೊಳ್ಳಿ. ಕಂಪನಿಯ ಇನ್ವೆಸ್ಟಿಗೇಟರ್ ಬರುತ್ತಾನೆ. ಜಾಗದ ಫೋಟೋ ತೆಗೆಯುತ್ತಾನೆ, ಡಿಸ್ಚಾರ್ಜ್ ಸಮ್ಮರಿ ನೋಡುತ್ತಾನೆ. ಅದರಲ್ಲಿ ಡಾಕ್ಟರು “ಮರದಿಂದ ಬಿದ್ದದ್ದು” ಅಂತ ಬರೆದಿರುತ್ತಾರೆ. ಪಾಲಿಸಿಯಲ್ಲಿ ಹುಲ್ಲು ಕತ್ತರಿಸುವುದು, ಗಿಡಕ್ಕೆ ನೀರು ಹಾಕುವುದು ಅಂತ ಇದೆ. ಕ್ಲೇಮ್ ತಳ್ಳಿಹಾಕಲು ಅವರಿಗೆ ಇನ್ನೇನು ಬೇಕು? ವರ್ಷಕ್ಕೆ ಹತ್ತು ಸಾವಿರ ಉಳಿಸಲು ಹೋಗಿ ಹದಿನೈದು ಲಕ್ಷ ತಲೆ ಮೇಲೆ ಎಳೆದುಕೊಂಡ ಹಾಗೆ.

ನಾನು ಈಗ ಆ ಗೆರೆಯಲ್ಲಿ ಜಾಗ ಸಾಲದಿದ್ದರೆ ಪಕ್ಕಕ್ಕೆ ಹಾಳೆ ಅಂಟಿಸುತ್ತೇನೆ. “ಮರ ಹತ್ತಿ ಹಗ್ಗ ಮತ್ತು ಚೈನ್ ಸಾ ಬಳಸಿ ಕೊಂಬೆ ಕಡಿಯುವುದು, ಪೂರ್ತಿ ಮರ ಇಳಿಸುವುದು, ಕಾಫಿ ತೋಟದ ನೆರಳು ಮರಗಳ ಕಪಾತು, ದಿಮ್ಮಿ ಸಾಗಿಸುವುದು.” ಎತ್ತರ ಎಷ್ಟು ಅಂತಲೂ ಬರೆಯುತ್ತೇನೆ. ಕೆಲವು ಪಾಲಿಸಿಗಳಲ್ಲಿ ಇಷ್ಟು ಅಡಿಗಿಂತ ಮೇಲೆ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಷರತ್ತು ಇರುತ್ತದೆ. ಮರ ಹತ್ತುವವರಿಗೆ ಅಂಥ ಪಾಲಿಸಿ ತಗೊಂಡು ಏನು ಮಾಡುವುದು ಹೇಳಿ.

ಪರಿಹಾರಕ್ಕೆ ಹಿಡಿಯುವುದೇ 15,000. ಹಾಗಾದರೆ ಕೂಲಿಯನ್ನೂ ಅಷ್ಟೇ ತೋರಿಸಬಹುದಲ್ವಾ?

ಜಾಣ ಪ್ರಶ್ನೆ. ಎಲ್ಲರೂ ಕೇಳುತ್ತಾರೆ. ನಮ್ಮ ಹತ್ತುವವನಿಗೆ ತಿಂಗಳಿಗೆ 20 ದಿನ ಅಂದರೂ 24,000 ಆಗುತ್ತದೆ. ಪರಿಹಾರ ಬರುವುದು 15,000ದ ಮೇಲೆ, ಪ್ರೀಮಿಯಂ ಮಾತ್ರ 24,000ದ ಮೇಲೆ. ಮೇಲ್ನೋಟಕ್ಕೆ ಅನ್ಯಾಯ ಅನ್ನಿಸುತ್ತದೆ.

ಆದರೆ ಪಾಲಿಸಿಯ ಷರತ್ತು ನಿಜವಾಗಿ ಕೊಟ್ಟ ಕೂಲಿಯನ್ನು ತೋರಿಸಬೇಕು ಅಂತ. ವರ್ಷದ ಕೊನೆಗೆ ಲೆಕ್ಕ ಕೇಳುವ ಹಕ್ಕು ಅವರಿಗಿದೆ. ಜಾಸ್ತಿ ಕೊಟ್ಟಿದ್ದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿಸಿಕೊಳ್ಳುತ್ತಾರೆ, ಕಮ್ಮಿ ಆಗಿದ್ದರೆ ವಾಪಸ್ ಕೇಳಬಹುದು. ಹಾಜರಿ ಪುಸ್ತಕದಲ್ಲಿ ಒಂದು, ಪಾಲಿಸಿಯಲ್ಲಿ ಇನ್ನೊಂದು ಇದ್ದರೆ ಕ್ಲೇಮ್ ಸಮಯದಲ್ಲಿ ಜಗಳ ಗ್ಯಾರಂಟಿ. ಮಿತಿಯವರೆಗಿನ ಕೂಲಿಗೆ ಮಾತ್ರ ಪಾಲಿಸಿ ಕೊಡಲು ಕಂಪನಿ ಒಪ್ಪಿದರೆ ತೊಂದರೆ ಇಲ್ಲ, ಆದರೆ ಹಾಗಂತ ಪಾಲಿಸಿಯಲ್ಲೇ ಅಚ್ಚಾಗಿರಬೇಕು. ನೀವೇ ಮನಸ್ಸಲ್ಲಿ ಒಪ್ಪಿಕೊಂಡರೆ ಆಗುವುದಿಲ್ಲ.

ಇದರ ಜೊತೆಗೇ ಇನ್ನೊಂದು ಮಾತು. ತಲೆ ಲೆಕ್ಕದಲ್ಲೂ ಕಳ್ಳಾಟ ಬೇಡ. ಐದು ಜನ ಅಂತ ಬರೆಸಿ, ಮಳೆ ಹಿಡಿಯುವ ಮುಂಚಿನ ಅರ್ಜೆಂಟಿನಲ್ಲಿ ಒಂಬತ್ತು ಜನ ಹತ್ತಿಸಿದರೆ ಬಿದ್ದವನು ಆ ಐವರಲ್ಲಿ ಒಬ್ಬನಾ ಅಂತ ಕೇಳುತ್ತಾರೆ. ನಮ್ಮಂಥವರಿಗೆ ಹೆಸರಿಲ್ಲದ, ಸಂಖ್ಯೆ ಮೇಲಿನ ಪಾಲಿಸಿಯೇ ವಾಸಿ, ಯಾಕೆಂದರೆ ಆಳುಗಳು ಬದಲಾಗುತ್ತಲೇ ಇರುತ್ತಾರೆ. ಸೀಸನ್‌ನಲ್ಲಿ ಅತಿ ಹೆಚ್ಚು ಎಷ್ಟು ಜನ ಇರುತ್ತಾರೋ ಆ ಸಂಖ್ಯೆ ಬರೆಸಿ.

ಆಸ್ಪತ್ರೆ ಬಿಲ್ಲೂ ಇದರಲ್ಲೇ ಬರುತ್ತದಾ?

ನಾನು ಕೈ ಸುಟ್ಟುಕೊಂಡದ್ದು ಇಲ್ಲೇ.

ಕೆಲವು ವರ್ಷದ ಹಿಂದೆ, ಮೇ ತಿಂಗಳ ಕೊನೆ. ಒಂದು ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್. ಬಳ್ಳಿಗೆ ಏಟಾಗಬಾರದು ಅಂತ ಕೊಂಬೆಯನ್ನು ಹಗ್ಗದಲ್ಲಿ ನಿಧಾನ ಇಳಿಸುತ್ತಿದ್ದೆವು. ಹಗ್ಗಕ್ಕೆ ಪಕ್ಕದ ಮರದಲ್ಲಿ ಒಂದು ಸುತ್ತು ಹಾಕಬೇಕಿತ್ತು, ಹಾಕಿರಲಿಲ್ಲ. ಕೊಂಬೆ ತೂಗಿ ವಾಪಸ್ ಬಂದು ಮೇಲಿದ್ದವನ ಹೆಗಲಿಗೆ ಬಡಿಯಿತು. ಬೆಲ್ಟ್ ಇತ್ತು, ಬೀಳಲಿಲ್ಲ. ನೇತಾಡುತ್ತಿದ್ದವನನ್ನು ಇಳಿಸುವಷ್ಟರಲ್ಲಿ ಕಾಲು ಗಂಟೆ. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ಪ್ಲೇಟ್ ಹಾಕಬೇಕಾಯಿತು.

ಪಾಲಿಸಿ ಇದೆ ಅಂತ ನಾನು ಧೈರ್ಯವಾಗಿದ್ದೆ. ಡಿಸ್ಚಾರ್ಜ್ ದಿನ ಏಜೆಂಟಿಗೆ ಫೋನ್ ಮಾಡಿದೆ. “ಮೆಡಿಕಲ್ ಎಕ್ಸ್‌ಟೆನ್ಷನ್ ತಗೊಂಡಿಲ್ವಲ್ಲ ನೀವು” ಅಂದ. ಅಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕೆಲಸ ಇಲ್ಲದ ದಿನಗಳ ಪರಿಹಾರ ಪಾಲಿಸಿಯಿಂದ ಬಂತು. ಆಸ್ಪತ್ರೆಯ ಅಷ್ಟೂ ದುಡ್ಡು ನನ್ನದು. ಕಾನೂನಿನ ಪ್ರಕಾರ ಚಿಕಿತ್ಸೆಗೆ ಆದ ನಿಜವಾದ ಖರ್ಚೂ ಮಾಲೀಕನ ಹೊಣೆ. ಆದರೆ ಸಾಮಾನ್ಯ ಡಬ್ಲ್ಯೂಸಿ ಪಾಲಿಸಿಯಲ್ಲಿ ಅದು ತಾನಾಗಿ ಸೇರಿರುವುದಿಲ್ಲ. ಬೇರೆ ದುಡ್ಡು ಕಟ್ಟಿ ಸೇರಿಸಿಕೊಳ್ಳಬೇಕು. ಒಬ್ಬರಿಗೆ ಇಷ್ಟು ಅಂತ ಮಿತಿಯೂ ಇರುತ್ತದೆ. ಮಿತಿ 25,000 ಅಂತಿದ್ದರೆ ಒಂದು ಪ್ಲೇಟಿಗೂ ಸಾಲುವುದಿಲ್ಲ, ಜಾಸ್ತಿ ಕೇಳಿ.

ಕುಡಿದು ಹತ್ತಿದ್ದರೆ? ಬೆಲ್ಟ್ ಹಾಕದೆ ಇದ್ದರೆ?

ಕುಡಿದಿದ್ದಕ್ಕೇ ಆಯಿತು, ಅಥವಾ ಬೇಕಂತಲೇ ಬೆಲ್ಟ್ ತೆಗೆದಿಟ್ಟ ಅಂತ ತೋರಿಸಿದರೆ ಗಾಯಕ್ಕೆ ಪರಿಹಾರ ಕೊಡಬೇಕಿಲ್ಲ. ಆದರೆ ಸತ್ತರೆ ಅಥವಾ ಕಾಯಮ್ಮಾಗಿ ಪೂರ್ತಿ ಅಂಗವಿಕಲನಾದರೆ ಈ ವಾದ ನಡೆಯುವುದಿಲ್ಲ, ಕೊಡಲೇಬೇಕು. ಬೆಲ್ಟ್ ನೀವು ಕೊಟ್ಟೇ ಇರಲಿಲ್ಲ ಅಂದರೆ ಬೆಲ್ಟ್ ತೆಗೆದಿಟ್ಟ ಅನ್ನುವ ವಾದವೂ ಇಲ್ಲ.

ಹೆಜ್ಜೇನು ಕಚ್ಚಿದರೆ?

ಮರದ ಮೇಲೆ ಕೆಲಸ ಮಾಡುವಾಗ ಕಚ್ಚಿದರೆ ಅದೂ ಕೆಲಸದ ಅಪಘಾತವೇ.

ತೋಟದ ಸಾಹುಕಾರರು ಪಾಲಿಸಿ ಕಾಪಿ ಕೊಡು ಅನ್ನುತ್ತಾರೆ. ಅವರಿಗೆ ಯಾಕೆ?

ಮರಗಸಿ ತೋಟದ ವ್ಯವಹಾರದ್ದೇ ಒಂದು ಭಾಗ. ಹಾಗಾಗಿ ಕಂಟ್ರಾಕ್ಟರ್ ಮೂಲಕ ಮಾಡಿಸಿದರೂ ಆಳು ನೇರವಾಗಿ ತೋಟದ ಮಾಲೀಕರಿಂದಲೇ ಪರಿಹಾರ ಕೇಳಬಹುದು. ಅವರು ಕೊಟ್ಟು, ಆಮೇಲೆ ನಮ್ಮಿಂದ ವಸೂಲಿ ಮಾಡಿಕೊಳ್ಳಬಹುದು. ಅದಕ್ಕೇ ಕೇಳುತ್ತಾರೆ. ಕೇಳುವವರು ಒಳ್ಳೆಯ ಗಿರಾಕಿಗಳು, ಬೇಜಾರು ಮಾಡಿಕೊಳ್ಳಬೇಡಿ. ನೀವೇ ಇನ್ನೊಂದು ತಂಡವನ್ನು ಕರೆಸಿ ಕೆಲಸ ಒಪ್ಪಿಸಿದಾಗ ನೀವೂ ಹೀಗೇ ಕೇಳಿ. ಅವರ ಹತ್ತಿರ ಪಾಲಿಸಿ ಇಲ್ಲದಿದ್ದರೆ ಆ ಹೊಣೆ ನಿಮ್ಮ ಕಡೆಗೆ ಬರುತ್ತದೆ.

ಕೊಂಬೆ ಬಿದ್ದು ಪಕ್ಕದ ಮನೆಯ ಹಂಚು, ಕಾರು ಹಾಳಾದರೆ?

ಇದರಲ್ಲಿ ಬರುವುದಿಲ್ಲ. ಅದಕ್ಕೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಬೇರೆ ಇದೆ. ಪೇಟೆ ಕೆಲಸ ಜಾಸ್ತಿ ಇದ್ದರೆ ತಗೊಳ್ಳಿ.

ಇಎಸ್‌ಐ (ಸರ್ಕಾರದ ಕಾರ್ಮಿಕರ ವಿಮೆ), 20 ರೂಪಾಯಿ ವಿಮೆ ಇವೆಯಲ್ಲ, ಸಾಲದಾ?

ಹತ್ತು ಜನ ಅಥವಾ ಹೆಚ್ಚು ಇದ್ದರೆ ಇಎಸ್‌ಐ ಪ್ರಶ್ನೆ ಬರುತ್ತದೆ. ತಿಂಗಳಿಗೆ 21,000ದವರೆಗಿನ ಸಂಬಳದವರಿಗೆ ಮಾಲೀಕ ಶೇಕಡಾ 3.25, ಆಳು ಶೇಕಡಾ 0.75 ಕಟ್ಟುತ್ತಾರೆ. ಇಎಸ್‌ಐ ಇರುವವರಿಗೆ ಅದರಲ್ಲೇ ಪರಿಹಾರ, ಡಬ್ಲ್ಯೂಸಿ ಬೇಡ. ಐದು ಜನರ ತಂಡಕ್ಕೆ ಸಾಮಾನ್ಯವಾಗಿ ಇದು ಕಡ್ಡಾಯವಲ್ಲ.

20 ರೂಪಾಯಿಯದ್ದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ. ಬ್ಯಾಂಕಿನಲ್ಲಿ ಮಾಡಿಸುತ್ತಾರೆ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಪ್ರತಿಯೊಬ್ಬ ಆಳಿಗೂ ಮಾಡಿಸಿ, ನಾನೇ ಕರೆದುಕೊಂಡು ಹೋಗಿ ಮಾಡಿಸಿದ್ದೇನೆ. ಆದರೆ ಆ ದುಡ್ಡು ಅವನ ಮನೆಯವರಿಗೆ ಹೆಚ್ಚಿಗೆ ಸಿಗುವುದು, ಅದರಿಂದ ನಿಮ್ಮ ಹೊಣೆ ಒಂದು ರೂಪಾಯಿಯೂ ಕಮ್ಮಿ ಆಗುವುದಿಲ್ಲ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಪ್ರೀಮಿಯಂನ ದೊಡ್ಡ ಭಾಗ ಮಂಡಳಿಯೇ ಕಟ್ಟುತ್ತದೆ. ಅದೂ ಅಷ್ಟೇ, ಹತ್ತುವವನ ವಿಮೆ, ಮಾಲೀಕನದ್ದಲ್ಲ.

ನಾನೂ ಮರ ಹತ್ತುತ್ತೇನೆ. ನನಗೆ ಏನಾದರೂ ಆದರೆ?

ಡಬ್ಲ್ಯೂಸಿಯಲ್ಲಿ ನಿಮಗೆ ಏನೂ ಇಲ್ಲ. ನೀವು ಮಾಲೀಕ, ಆಳಲ್ಲ. ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಬೇರೆ ಮಾಡಿಸಿ. ಅಲ್ಲೂ ಕೆಲಸದ ವಿವರ ಸರಿಯಾಗಿ ಬರೆಸಿ, ಸುಮ್ನೆ “ವ್ಯಾಪಾರ” ಅಂತ ಬೇಡ.

ಸೀಸನ್ ಮೂರು ತಿಂಗಳಿಗೆ ಮಾತ್ರ ಪಾಲಿಸಿ ತಗೊಂಡರೆ ಅಗ್ಗವಾ?

ಅಂದುಕೊಂಡಷ್ಟು ಅಲ್ಲ. ಕಡಿಮೆ ಅವಧಿಗೆ ಸಾಮಾನ್ಯವಾಗಿ ಬೇರೆ ದರ. ಮೂರು ತಿಂಗಳಿಗೆ ವರ್ಷದ ಕಾಲು ಭಾಗಕ್ಕಿಂತ ಜಾಸ್ತಿಯೇ ಹಿಡಿಯುತ್ತಾರೆ. ಉಳಿದ ತಿಂಗಳಲ್ಲಿ ಒಂದು ಮರವನ್ನೂ ಮುಟ್ಟುವುದಿಲ್ಲ ಅನ್ನುವವರಿಗೆ ಮಾತ್ರ ಸರಿ.

ಪ್ರೀಮಿಯಂ ನ್ಯಾಯವಾಗಿ ಇಳಿಸುವ ದಾರಿ ಇಲ್ಲವಾ?

ಇದೆ, ಆದರೆ ಒಂದೇ ವರ್ಷದಲ್ಲಿ ಆಗುವುದಿಲ್ಲ. ಕ್ಲೇಮ್ ಇಲ್ಲದ ವರ್ಷಗಳ ಕಾಗದ ಜೋಡಿಸಿ ಇಟ್ಟುಕೊಂಡು ರಿನ್ಯೂವಲ್ ಮುಂಚೆ ಚೌಕಾಸಿ ಮಾಡಿ. ಹಗ್ಗ, ಹಾರ್ನೆಸ್, ಹೆಲ್ಮೆಟ್ ಕೊಂಡ ಬಿಲ್ಲು ಮತ್ತು ಫೋಟೋ ತೋರಿಸಿ. ಲೈನಿನ ಹತ್ತಿರದ ಮರಕ್ಕೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆಸಿದ ಒಪ್ಪಿಗೆ) ತಗೊಳ್ಳದೆ ಕೈ ಹಾಕುವುದಿಲ್ಲ ಅಂತ ಬರೆದುಕೊಡಿ, ಹಾಗೇ ನಡೆದುಕೊಳ್ಳಿ. ನಾನು ಹೋದ ಸಲ ಇಷ್ಟೆಲ್ಲ ಹಿಡಿದುಕೊಂಡು ಹೋದೆ. ಕೌಂಟರಿನಲ್ಲಿದ್ದ ಮೇಡಂ ಫೋಟೋಗಳನ್ನು ಒಂದೊಂದಾಗಿ ನೋಡಿ, “ಇಷ್ಟು ಎತ್ತರ ಹತ್ತುತ್ತೀರಾ?” ಅಂತ ಕೇಳಿದರು. ದರ ಇಳಿಯುವ ಬದಲು ಎಲ್ಲಿ ಏರುತ್ತದೋ ಅಂತ ಹೆದರಿದೆ. ಸ್ವಲ್ಪ ಇಳಿಸಿಕೊಟ್ಟರು.

ಅಮೆರಿಕದಲ್ಲಿರುವ ನಮ್ಮ ಭಾವ ಅಲ್ಲಿ ಇದಕ್ಕಿಂತ ಎಷ್ಟೋ ದುಬಾರಿ ಅನ್ನುತ್ತಾರೆ. ಹೌದಾ?

ಹೌದು. ಅಲ್ಲಿ ಪ್ರತಿ 100 ಡಾಲರ್ ಸಂಬಳಕ್ಕೆ ಇಷ್ಟು ಅಂತ ದರ. ಬಹುತೇಕ ರಾಜ್ಯಗಳಲ್ಲಿ ಮರ ಕಪಾತಿಗೆ 0106 ಅನ್ನುವ ಪ್ರತ್ಯೇಕ ಕೋಡ್ ಇದೆ, ಅದು ದುಬಾರಿ ಕೋಡ್‌ಗಳಲ್ಲೊಂದು. ಹಿಂದಿನ ವರ್ಷಗಳ ಕ್ಲೇಮ್ ನೋಡಿ ದರ ಏರಿಸುತ್ತಾರೆ, ಇಳಿಸುತ್ತಾರೆ. ಕಮ್ಮಿ ಅಪಾಯದ ಕೋಡ್‌ಗೆ ಬರೆಸುವ ಚಾಳಿ ಅಲ್ಲೂ ಇದೆ. ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ.

ಅಪಘಾತ ಆದ ದಿನ ಏನು ಮಾಡಬೇಕು?

ಮೊದಲು ಆಸ್ಪತ್ರೆ. ಅಲ್ಲಿ ಏನಾಯಿತೋ ಅದನ್ನೇ ಹೇಳಿ. ಪೊಲೀಸ್ ಕೇಸು ಬೇಡ ಅಂತ “ಬಾತ್‌ರೂಮಿನಲ್ಲಿ ಬಿದ್ದ” ಅನ್ನುವವರಿದ್ದಾರೆ, ಅಲ್ಲಿಗೆ ಕ್ಲೇಮ್ ಮುಗಿಯಿತು. ಅವತ್ತೇ ಕಂಪನಿಗೆ ಮೆಸೇಜ್ ಅಥವಾ ಮೇಲ್ ಕಳಿಸಿ. ಹಾಜರಿ ಪುಸ್ತಕದ ಆ ದಿನದ ಹಾಳೆ, ಬಟವಾಡೆ ವೋಚರ್, ಆಧಾರ್ ಕಾಪಿ, ಜಾಗದ ಫೋಟೋ ಎತ್ತಿಡಿ. ಹಾಜರಿಯನ್ನು ಬೆಳಿಗ್ಗೆಯೇ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಅಪಘಾತ ಆದಮೇಲೆ ಬರೆದ ಹಾಜರಿಯ ಮಸಿ ನೋಡಿದರೇ ಗೊತ್ತಾಗುತ್ತದೆ.

ಸಾವಾಗಿದ್ದರೆ ಪರಿಹಾರದ ಮೊತ್ತವನ್ನು ಮನೆಯವರ ಕೈಗೆ ಕೊಟ್ಟು ಮುಗಿಸಬೇಡಿ. ಅದನ್ನು ಸಂಬಂಧಪಟ್ಟ ಅಧಿಕಾರಿಯ ಹತ್ತಿರ ಜಮಾ ಮಾಡಬೇಕು, ಅಲ್ಲಿಂದ ಅವಲಂಬಿತರಿಗೆ ಹೋಗುತ್ತದೆ. ಕೈಗೆ ಕೊಟ್ಟದ್ದನ್ನು ಪರಿಹಾರ ಅಂತ ಕಾನೂನು ಒಪ್ಪುವುದಿಲ್ಲ.

ಈ ಖರ್ಚನ್ನು ಗಿರಾಕಿಯಿಂದ ಹೇಗೆ ತೆಗೆಯುವುದು?

ಮರದ ರೇಟಿನೊಳಗೆ ಮುಚ್ಚಿಡಬೇಡಿ. ಕೋಟೇಶನ್‌ನಲ್ಲಿ ಬೇರೆ ಸಾಲು ಹಾಕಿ. ನಾನು ಕೊನೆಯಲ್ಲಿ “ಕೆಲಸಗಾರರ ವಿಮೆ, ದಿನಕ್ಕೆ 150” ಅಂತ ಬರೆಯುತ್ತೇನೆ. ಮೆಡಿಕಲ್ ಎಕ್ಸ್‌ಟೆನ್ಷನ್ ಸೇರಿ ನನಗೆ ಅಷ್ಟು ಬೀಳುತ್ತದೆ. ಮೊದಮೊದಲು ಕೆಲವರು ಅದನ್ನು ಹೊಡೆದುಹಾಕಿ ಅನ್ನುತ್ತಿದ್ದರು. ಒಬ್ಬ ಹಿರಿಯ ಸಾಹುಕಾರರು ಮಾತ್ರ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಎರಡು ಸಲ ಓದಿದರು. “ಇದನ್ನ ಬಿಟ್ಟು ಬೇರೆ ಎಲ್ಲಾದರೂ ಕಮ್ಮಿ ಮಾಡು” ಅಂದರು. ಮರಕ್ಕೆ ಐವತ್ತು ರೂಪಾಯಿ ಕಮ್ಮಿ ಮಾಡಿದೆ.